ಗಿಳಿಗಳು ಪಕ್ಕದ ತಾರಸಿ ಬಿಟ್ಟು ಬಂದಾಗ

ಬೆಳಿಗ್ಗೆ ಆರೂವರೆ. ದೊಡ್ಡ ಸೊಸೆಯ ತಾರಸಿಯಲ್ಲಿಟ್ಟ ಕಾಳಿನ ತಟ್ಟೆಗೆ ಹನ್ನೊಂದು ಗಿಳಿಗಳು ಬಂದಿದ್ದವು. ಪಕ್ಕದ ತಾರಸಿಯಲ್ಲಿ ಒಂದೂ ಇರಲಿಲ್ಲ.

ಪಕ್ಕದ್ದು ವಾರಗಿತ್ತಿಯ ಮನೆ. ಅವಳು ಪಶುವೈದ್ಯೆ, ದೊಡ್ಡವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನೆಂಟರು ಬಂದರೆ ಮೊದಲು ‘ಡಾಕ್ಟರಮ್ಮ’ನ ಮನೆಗೆ. ಇಷ್ಟು ದಿನ ಗಿಳಿಗಳೂ ಅಲ್ಲಿಗೇ ಹೋಗುತ್ತಿದ್ದವು. ಅದನ್ನು ನೋಡಿ ನೋಡಿ ದೊಡ್ಡವಳಿಗೆ ಹೊಟ್ಟೆಯಲ್ಲಿ ಕಿಚ್ಚು. ಈ ವಾರ ಹಿಂಡು ಇತ್ತ ತಿರುಗಿದ್ದೇ ತಡ, ಸೂರ್ಯಕಾಂತಿ ಬೀಜವನ್ನು ಎರಡರಷ್ಟು ಸುರಿದಳು. ತೊಳೆಯಲೆಂದು ತಟ್ಟೆ ಒಳಗೆ ಒಯ್ಯಲೂ ಮನಸ್ಸಿಲ್ಲ. ಅಷ್ಟರಲ್ಲಿ ಹಿಂಡು ಆಚೆ ಹಾರಿದರೆ? ಹಿಕ್ಕೆಯ ಮೇಲೆಯೇ ಹೊಸ ಬೀಜ ಬೀಳುತ್ತಿತ್ತು.

ವಾರಗಿತ್ತಿ ಗೋಡೆಯಾಚೆಯಿಂದ ಕರೆದಳು.

“ಅಕ್ಕಾ, ಆ ತಟ್ಟೆ ತೆಗೆದುಬಿಡಿ. ಗಿಳಿಗಳಿಗೆ ರೋಗ ಬಂದಿದೆ.”

“ನಿನ್ನ ತಟ್ಟೆಯಲ್ಲಿ ತಿಂದಾಗ ಇಲ್ಲದ ರೋಗ, ನನ್ನ ತಟ್ಟೆ ಮುಟ್ಟಿದ ಕೂಡಲೇ ಬಂತಾ, ತಾಯಿ?”

ವಾರಗಿತ್ತಿ ಬೆರಳು ತೋರಿಸಿದಳು. ಅಂಚಿನಲ್ಲಿ ಕೂತ ಒಂದು ಗಿಳಿಯ ಎದೆಗರಿ ಉದುರಿ ಚರ್ಮ ಕಾಣುತ್ತಿತ್ತು. ಕೊಕ್ಕು ಉದ್ದ ಬೆಳೆದು ಸೀಳು ಬಿಟ್ಟಿತ್ತು. ಅದು ಒಂದೇ ಬೀಜವನ್ನು ಮತ್ತೆ ಮತ್ತೆ ಕಚ್ಚುತ್ತಿತ್ತು; ಬೀಜ ಒಡೆಯುತ್ತಿರಲಿಲ್ಲ. ದೊಡ್ಡವಳು ಅದನ್ನು ಮೊದಲೇ ನೋಡಿದ್ದಳು. ಎಣಿಕೆಗೆ ಸೇರಿಸಿಕೊಂಡಿದ್ದಳು, ಅಷ್ಟೆ.

ಇದು ಕೊಕ್ಕು ಮತ್ತು ಗರಿಗೆ ತಗಲುವ ವೈರಸ್ ರೋಗ ಎಂದು ವಾರಗಿತ್ತಿ ವಿವರಿಸಿದಳು. ಹಿಕ್ಕೆಯಿಂದ, ಗರಿಯ ಧೂಳಿನಿಂದ ಹರಡುತ್ತದೆ. ಗುಣಪಡಿಸುವ ಮದ್ದಿಲ್ಲ. ಮರಿಗಳಿಗೆ ಅಪಾಯ ಹೆಚ್ಚು. ಮನುಷ್ಯರಿಗೆ ಅಂಟುವುದಿಲ್ಲ. ಬೇರೆ ಬೇರೆ ಮರಗಳಲ್ಲಿ ಮೇಯುವ ಗಿಳಿಗಳು ಒಂದೇ ತಟ್ಟೆಗೆ ಮುತ್ತಿದರೆ ಒಂದರ ರೋಗ ಹಿಂಡಿಗೆಲ್ಲ ತಗಲಬಹುದು.

“ಹಾಗಾದ್ರೆ ಮೊದಲು ನಿನ್ನ ತಟ್ಟೆ ತೆಗಿ.”

“ಹೋದ ವಾರವೇ ತೆಗೆದೆ ಅಕ್ಕಾ. ಅದಕ್ಕೇ ಎಲ್ಲವೂ ನಿಮ್ಮಲ್ಲಿಗೆ ಬಂದಿದ್ದು. ಹೇಳೋಕೆ ಬಂದ್ರೆ ನೀವು ಹೊಲಿಗೆ ಮೆಷಿನ್ ಜೋರಾಗಿ ತುಳಿದ್ರಿ.”

ದೊಡ್ಡವಳು ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ತಟ್ಟೆ ಇದ್ದ ಜಾಗದಲ್ಲಿ ದುಂಡನೆಯ ಗುರುತು ಮಾತ್ರ ಇತ್ತು. ತನ್ನ ತಟ್ಟೆಯನ್ನು ಒಳಗೆ ಒಯ್ದು ಬ್ಲೀಚಿಂಗ್ ನೀರಿನಲ್ಲಿ ತೊಳೆದಳು.

ನೀವೂ ಗಿಳಿಗಳಿಗೆ ಕಾಳು ಇಡುತ್ತಿದ್ದರೆ ಇಂದೇ ನಿಲ್ಲಿಸಿ. ಬದಲಿಗೆ ಒಂದು ಹಣ್ಣಿನ ಮರ ನೆಡಿ. ಗರಿ ಉದುರಿದ, ಕೊಕ್ಕು ವಿಕಾರವಾದ ಗಿಳಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಪಂಜರದ ಗಿಳಿಯನ್ನು ನೀವಾಗಿಯೇ ಹೊರಗೆ ಹಾರಿಬಿಡಬೇಡಿ. ಅದರ ಜೊತೆ ರೋಗವೂ ಹೋಗಬಹುದು.

ಕೆಲವು ದಿನಗಳಲ್ಲಿ ಹಿಂಡು ಹಿಂದಿನ ಬೀದಿಯ ಮರಗಳಿಗೆ ಚದುರಿತು. ದೊಡ್ಡವಳು ತಾರಸಿಯಿಂದ ಎಣಿಸಿದಳು. ಹತ್ತೇ ಇದ್ದವು.