ಕಡವಿನ ಕಾವೇರಿ ನೋಡಿದ ಶನಿವಾರ

ಸಿನೆಮಾ ಎಂದರೆ ನನಗೆ ಹುಚ್ಚು. ಇದನ್ನು ನಾಚಿಕೆಯಿಂದೇನೂ ಹೇಳುತ್ತಿಲ್ಲ. ಆ ಹುಚ್ಚು ಇಲ್ಲದವರನ್ನು ಕಂಡರೆ ನನಗೇ ಅಯ್ಯೋ ಪಾಪ ಅನಿಸುತ್ತದೆ. ಐವತ್ತೆಂಟು, ಐವತ್ತೊಂಬತ್ತರ ಕಾಲದಲ್ಲಿ ಮರ್ಕಂಜದಲ್ಲಿ ಇಂಥ ಹುಚ್ಚು ಹಿಡಿದ ಹುಡುಗಿ ನಾನೊಬ್ಬಳೇ. ಅದಕ್ಕೆ ಮದ್ದು ಇದ್ದದ್ದು ಪುತ್ತೂರಿನಲ್ಲಿ, ನನ್ನ ಅಕ್ಕ ಸೀತುವಿನ ಮನೆಯಲ್ಲಿ. ಬಾವ ತೀರ್ಥರಾಮರು ಅಲ್ಲಿ ಬಸ್ಸಿನ ಏಜೆಂಟರಾಗಿದ್ದರು. ಡೇರೆ ಟಾಕೀಸಿನವರು ಹೊಸ ಸಿನೆಮಾ ಹಾಕಿದರೆ ಸಾಕು, ಸುಳ್ಯದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಅಕ್ಕ ಹೇಳಿ ಕಳಿಸುತ್ತಿದ್ದಳು: "ಶನಿವಾರ ಚೆನ್ನುವನ್ನು ಕಳಿಸಿ." ಶನಿವಾರ ಹೋಗುವುದು, ಆದಿತ್ಯವಾರ ಸಂಜೆ ಬರುವುದು. ಆ ಒಂದು ರಾತ್ರಿಯ ಆಸೆಯಲ್ಲಿ ನಾನು ತಿಂಗಳಿಡೀ ಹಟ್ಟಿಯ ಸೆಗಣಿ ಬಾಚುತ್ತಿದ್ದೆ ಎಂದರೂ ತಪ್ಪಿಲ್ಲ.

ಮದುವೆಯ ವಿಷಯ ನಮ್ಮ ಮನೆಯಲ್ಲಿ ಆಗ ಮುಗಿದ ಮಾತಾಗಿತ್ತು. ಮುಗಿಸಿದವಳು ನಾನೇ. ಹಿಂದಿನ ವರ್ಷ ಅರಂತೋಡಿನ ಕಡೆಯಿಂದ ಒಂದು ದಿಬ್ಬಣದಷ್ಟು ಜನ ನನ್ನನ್ನು ನೋಡಲು ಬಂದಿದ್ದರು. ಹುಡುಗನ ಸೋದರಮಾವ ಎಂಬವನು ನನ್ನನ್ನು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿದ, ಕಾಲು ಸರಿ ಉಂಟಾ ಎಂದು ನೋಡಲಿಕ್ಕೆ. ಮಾತಾಡಿಸಿದ, ತೊದಲು ಉಂಟಾ ಎಂದು. ಹಳೆಯ ಪಂಚಾಂಗ ಕೊಟ್ಟು ಓದಿಸಿದ. ಒಂದು ಹಾಡು ಹೇಳಿಸಿದ. ಎಲ್ಲ ಆಗಿ, ಅಮ್ಮ ಮಾಡಿದ ಸಜ್ಜಿಗೆಯನ್ನೂ ತಿಂದು ಹೋಗಿ, ಹುಡುಗಿಯ ಬಣ್ಣ ಸ್ವಲ್ಪ ಕಡಿಮೆಯಾಯಿತು ಎಂದು ಹೇಳಿ ಕಳಿಸಿದರು. ಸಂತೆಯಲ್ಲಿ ಎಮ್ಮೆ ಕೊಳ್ಳುವವರಾದರೂ ಬಣ್ಣವನ್ನು ಮೊದಲೇ ನೋಡುತ್ತಾರೆ.

ಆ ದಿನ ನಾನು ಊಟ ಬಿಟ್ಟು ಕೂತೆ. "ಇನ್ನು ನನ್ನನ್ನು ಯಾರಾದರೂ ನೋಡುದಾದರೆ ಮೊದಲು ನನಗೆ ಹೇಳ್ಬೇಕು. ನಾನು ಆಯ್ತು ಅಂದ ಮೇಲೆಯೇ ಅವರು ಬರುದು" ಎಂದೆ. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, "ಆಯ್ತು ಮಗಾ. ನಿನಗೆ ಹೇಳದೆ ಎಂತದೂ ಇಲ್ಲ" ಎಂದಳು. ಅಪ್ಪ ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಅಮ್ಮನ ಮಾತೆಂದರೆ ದೈವದ ನುಡಿ. ಕೊಟ್ಟ ಮಾತಿಗೆ ತಪ್ಪಿದವಳಲ್ಲ ಎಂದು ಊರೇ ಹೇಳುತ್ತಿತ್ತು. ಹಾಗಾಗಿ ನಾನು ನಿಶ್ಚಿಂತಳಾಗಿದ್ದೆ.

ಆ ಶನಿವಾರ ಹಾಕಿದ್ದು 'ಕಡವಿನ ಕಾವೇರಿ'. ಪುತ್ತೂರಿಗೆ ಮುಟ್ಟುವಾಗ ಅಕ್ಕ ತನ್ನ ಹಸಿರು ರೇಷ್ಮೆಯ ಪಟ್ಟೆಸೀರೆ ತೆಗೆದಿಟ್ಟಿದ್ದಳು. "ಇದನ್ನು ಉಟ್ಕೋ. ಇಲ್ಲಿ ಪೇಟೆಯವರು ಬರ್ತಾರೆ" ಎಂದಳು. ತಲೆಗೆ ಎಣ್ಣೆ ಹಾಕಿ ಬಾಚಿ, ಎರಡು ಮೊಳ ಅಬ್ಬಲಿಗೆ ಹೂ ಮುಡಿಸಿದಳು. ನನಗೆ ಎಂಥ ಖುಷಿ! ನಾನು ಚಂದ ಕಾಣಬೇಕು ಎಂದು ಬಯಸುವವರು ಒಬ್ಬರಾದರೂ ಇದ್ದಾರಲ್ಲ ಎಂದು ಅಕ್ಕನ ಕೆನ್ನೆ ಹಿಂಡಿದೆ.

ಡೇರೆಯೊಳಗೆ ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಯೆತ್ತರದ ತೆಂಗಿನ ಮಡಲಿನ ತಟ್ಟಿ. ಹಿಂದೆ ಹಲಗೆಯ ಅಟ್ಟದ ಮೇಲೆ ಕುರ್ಚಿಗಳು. ಅಲ್ಲಿ ಕೂತವರಿಗೆ ತಟ್ಟಿಯ ಈಚೆಯೂ ಕಾಣುತ್ತದೆ. ಯಾವಾಗಲೂ ಮುಂದೆ ನುಗ್ಗುವ ಅಕ್ಕ ಅವತ್ತು ಕಡೆಯ ಬೆಂಚಿನಲ್ಲಿ, ತಟ್ಟಿಗೆ ತಾಗಿದಂತೆ ನನ್ನನ್ನು ಕೂರಿಸಿದಳು. ಇದ್ದದ್ದು ಒಂದೇ ಮೆಶೀನು. ಒಂದು ರೀಲು ಮುಗಿದಾಗಲೆಲ್ಲ ದೀಪ ಹಾಕಿ ಇನ್ನೊಂದು ಏರಿಸುತ್ತಿದ್ದರು. ಅತ್ತ ಮುಖ, ನಕ್ಕ ಮುಖ ಎಲ್ಲ ಹಾಗೇ ಬೆಳಕಿಗೆ ಬೀಳುವುದು. ಅದರ ಪರಿವೆ ಯಾರಿಗೆ? ನನಗಂತೂ ಇರಲಿಲ್ಲ.

ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಾವೇರಿ ಹೊಳೆ ದಾಟಿಸುವ ಕಡವಿನ ಅಂಬಿಗನ ಮಗಳು. ಅಪ್ಪನ ಕಾಲು ಮುರಿದ ಮೇಲೆ ಅವಳೇ ಹುಟ್ಟು ಹಿಡಿಯುತ್ತಾಳೆ. ಹೆಣ್ಣು ನಡೆಸುವ ದೋಣಿಗೆ ಹತ್ತುವುದಿಲ್ಲ ಎಂದು ಊರು ಹಟ ಹಿಡಿಯುತ್ತದೆ. ನೆರೆ ಬಂದ ದಿನ ಅದೇ ಊರಿನ ಧಣಿಯ ತಾಯಿಯನ್ನು ಆಚೆ ದಡದ ಡಾಕ್ಟರರ ಹತ್ತಿರ ಮುಟ್ಟಿಸಲು ಅವಳೇ ಬೇಕಾಗುತ್ತದೆ. ಅವಳು ದೊಡ್ಡ ಮಾತು ಒಂದೂ ಆಡುವುದಿಲ್ಲ. ದಡ ಮುಟ್ಟಿಸಿ, ಒದ್ದೆ ಸೀರೆಯಲ್ಲಿ ನಿಂತು, ಎಲ್ಲರ ಹತ್ತಿರ ಕೇಳುವ ಹಾಗೆಯೇ ಧಣಿಯ ಮುಂದೆ ಕೈ ಚಾಚಿ ಕಡವಿನ ಬಾಡಿಗೆ ಕೇಳುತ್ತಾಳೆ. ಆ ಕೈ ಚಾಚಿದ್ದಕ್ಕೆ ನಾನು ಬೆಂಚಿನ ಮೇಲೆ ಎದ್ದು ನಿಲ್ಲುವುದೊಂದು ಬಾಕಿ. ನೆರೆಯ ನೀರು ಯಾವುದೋ ಕೆರೆಯದ್ದು ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ನಾಯಕನಿಗೆ ಹಾಡು ಹೇಳುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಇರಲಿ, ಅವಳೊಬ್ಬಳೇ ಸಾಕು. ಕೊನೆಯಲ್ಲಿ ಕುಂಟುತ್ತ ಕಡವಿಗೆ ಬಂದ ಅಪ್ಪ ಕುಸಿದು ಬೀಳುತ್ತಾನೆ. ಸತ್ತನೆಂದೇ ಇಡೀ ಡೇರೆ ಗೊಳೋ ಎಂದು ಅತ್ತಿತು. ಆ ಅಳುವಿನ ನಡುವೆಯೇ ರೀಲು ಮುಗಿದು ದೀಪ ಬಂತು! ಮುಂದಿನ ರೀಲಿನಲ್ಲಿ ಅವನ ಬೆರಳು ಅಲುಗಿ, ಕಣ್ಣು ಬಿಟ್ಟಾಗ ಗಂಡಸರ ಕಡೆಯಿಂದ ಬಿದ್ದ ಶಿಳ್ಳೆಗೆ ಡೇರೆ ಹಾರಿಹೋಗದಿದ್ದದ್ದೇ ಹೆಚ್ಚು.

ನಮ್ಮ ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ತುಂಬಾ ಪ್ರೀತಿಯ ಜನ ಅನಿಸಿತು. ಸಾಬೂನಿನದ್ದೋ ಬೀಡಿಯದ್ದೋ ಜಾಹೀರಾತಿನ ಸ್ಲೈಡು ಬಿದ್ದಾಗ, "ಮಗಾ, ನನಗೆ ಕಣ್ಣು ಮಂಜು. ಎಂತ ಬರ್ದದ್ದು ಅದರಲ್ಲಿ?" ಎಂದು ಕೇಳಿದರು. ಓದಿ ಹೇಳಿದೆ. "ಆಗ ಒಂದು ಹಾಡು ಬಂತಲ್ಲ, ಹೇಗೆ ಅದು?" ಎಂದರು. ಮೆಲ್ಲಗೆ ಹಾಡಿ ತೋರಿಸಿದೆ. ಇಂಟರ್‌ವಲ್ ಬಿಟ್ಟಾಗ ಅಕ್ಕ, "ಗೇಟಿನ ಹತ್ರ ನೆಲಗಡಲೆ ಉಂಟು, ತೆಕೊಂಡು ಬಾ" ಎಂದಳು. ತಟ್ಟಿಯ ಉದ್ದಕ್ಕೂ ನಡೆದು ಹೋಗಿ ತಂದು, ಆ ಹೆಂಗಸಿಗೂ ಒಂದು ಹಿಡಿ ಕೊಟ್ಟೆ.

ಮರುದಿನ ಬೆಳಿಗ್ಗೆ ಅಕ್ಕ ನೀರುದೋಸೆ ಹೊಯ್ಯುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾವೇರಿಯ ಪುರಾಣ ಶುರು ಮಾಡಿದೆ. ಸಿನೆಮಾ ನೋಡುವುದು ಅರ್ಧ ಸುಖ. ಮರುದಿನ ಅಕ್ಕನ ಜೊತೆ ಕೂತು ಅದನ್ನು ಇನ್ನೊಮ್ಮೆ ಮಾತಾಡುವುದು ಉಳಿದರ್ಧ.

"ಅಪ್ಪ ಕಡವಿನಲ್ಲಿ ಬಿದ್ದದ್ದು ಉಂಟಲ್ಲ, ಆಗ ಅವಳ ಮುಖ ನೋಡಿದೆಯಾ ಅಕ್ಕ?"

"ನೋಡಿದೆ ಮಾರಾಯ್ತಿ. ಪಾಪ, ಅವನನ್ನು ಸಾಯಿಸ್ಬಾರ್ದಿತ್ತು."

"ಅವ ಸತ್ತದ್ದು ಎಲ್ಲಿ? ಮತ್ತೆ ಎದ್ದು ಕೂತನಲ್ಲ!"

"ಹಾಂ, ಹೌದು ಹೌದು. ನನಗೆ ನಿದ್ದೆ ಬಂದಿತ್ತು ಕಾಣ್ತದೆ."

ಅಷ್ಟು ದೊಡ್ಡ ಶಿಳ್ಳೆಗೆ ಸತ್ತವರೂ ಎದ್ದು ಕೂರಬೇಕು. ನಿದ್ದೆಯಂತೆ! ಆಗ ನೆನಪಾಯಿತು. ಕಾವೇರಿಯ ಅಪ್ಪ ಬಿದ್ದು ದೀಪ ಬಂದಾಗ, "ಒಳಗೆ ಸೆಕೆ, ಹೊರಗೆ ಹೋಗಿ ಬರ್ತೇನೆ" ಎಂದು ಅಕ್ಕ ಎದ್ದಿದ್ದಳು. ಪಕ್ಕದ ಹೆಂಗಸೂ ಅವಳ ಹಿಂದೆಯೇ ಹೋಗಿದ್ದರು. ಸಿನೆಮಾ ಮುಗಿಯುವವರೆಗೆ ಇಬ್ಬರೂ ಬಂದಿರಲಿಲ್ಲ.

"ಹೊರಗೆ ಯಾರ ಹತ್ರ ಮಾತಾಡಿದ್ದು ನೀನು?" ಎಂದೆ.

ಅಕ್ಕ ಕಾವಲಿಯಿಂದ ಕಣ್ಣೆತ್ತಲಿಲ್ಲ. ದೋಸೆ ಎಬ್ಬಿಸಲು ಹೋಗಿ ಹರಿದುಬಿಟ್ಟಳು.

"ಅಕ್ಕ, ಯಾರು ಅವರು?"

"ಕಡಬದವರು" ಎಂದಳು ಕೊನೆಗೆ. "ಹುಡುಗ ಬೋಜಪ್ಪ ಅಂತ. ಹಿಂದೆ ಕುರ್ಚಿಯಲ್ಲಿ ಬಾವನ ಒಟ್ಟಿಗೆ ಕೂತಿದ್ದ. ನಿನ್ನ ಹತ್ರ ಮಾತಾಡಿದ್ದು ಅವನ ಅಮ್ಮ. ಸಿಟ್ಟು ಮಾಡ್ಬೇಡ ಚೆನ್ನು. ಅವರಿಗೆ ಒಪ್ಪಿಗೆ ಉಂಟು. ನೀನು ಅಳುದು ನೋಡಿಯೇ ಅವ ಆಯ್ತು ಅಂದದ್ದಂತೆ, ಹುಡುಗಿಯ ಮನಸ್ಸು ಮೆದು ಅಂತ."

ನಡೆಸಿದ್ದಾಯಿತು, ನೆಲಗಡಲೆಗೆ ಕಳಿಸಿ. ಮಾತಾಡಿಸಿ, ಓದಿಸಿ, ಹಾಡಿಸಿಯೂ ಆಯಿತು. ಅರಂತೋಡಿನವನು ಅಂಗಳದಲ್ಲಿ ಮಾಡಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ, ಸಜ್ಜಿಗೆಯೊಂದನ್ನು ಬಿಟ್ಟು. ಅವತ್ತಾದರೂ ನನ್ನನ್ನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು, ಮುಖ ಬಿಗಿ ಹಿಡಿದು ನಿಂತಿದ್ದೆ. ಇಲ್ಲಿ ನಾನು ಬಾಯಿ ತೆರೆದು ನಕ್ಕಿದ್ದೆ, ಮೂಗು ಸುರಿಸಿಕೊಂಡು ಅತ್ತಿದ್ದೆ. ಆ ಅಳು ಕಾವೇರಿಗೆ ಸೇರಿದ್ದು. ಅದನ್ನು ಕುರ್ಚಿಯಲ್ಲಿ ಕೂತ ಯಾವನೋ ಒಬ್ಬ ತನ್ನ ಮನೆಗೆ ಆಗುತ್ತದೋ ಇಲ್ಲವೋ ಎಂದು ತೂಗಿ ನೋಡಿದ್ದ.

ಆಗಲೇ ಮತ್ತೊಂದು ಯೋಚನೆ ಹೊಳೆಯಿತು. "ದಸರೆಯಲ್ಲಿ ಬಂದಾಗ ಒಂದು ಸಿನೆಮಾ ತೋರಿಸಿದೆಯಲ್ಲ? ಆಗಲೂ ಈ ಸೀರೆಯನ್ನೇ ಉಡಿಸಿದ್ದಿ."

"ಅದೆಲ್ಲ ಈಗ ಎಂತಕ್ಕೆ? ಅವರಿಗೆ ಆಗ್ಲಿಲ್ಲ, ಬಿಡು."

ಅಂದರೆ ದಸರೆಯಲ್ಲಿ ನಾನು ಹೊಟ್ಟೆ ಹಿಡಿದು ನಗುತ್ತಿದ್ದಾಗ ಯಾರೋ ನನ್ನನ್ನು ನೋಡಿ ಬೇಡವೆಂದು ಎದ್ದು ಹೋಗಿದ್ದರು. ಆ ಸಿನೆಮಾವನ್ನು ನಾನು ಹಟ್ಟಿಯಲ್ಲಿ, ನೀರಿನ ತೋಡಿನ ಬದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಿಂಗಳುಗಟ್ಟಲೆ ನೆನೆಸಿಕೊಂಡು ನಕ್ಕಿದ್ದೆ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು" ಎಂದು ಅಕ್ಕ ಅಳತೊಡಗಿದಳು. "ಯಾರ ಎದುರೂ ನಿಲ್ಲುದಿಲ್ಲ ಅಂತ ನೀನು ಕೂತರೆ ನಾವು ಎಂತ ಮಾಡುದು? ನಿನಗೆ ಸಿನೆಮಾ ಅಂದರೆ ಪ್ರಾಣ ಅಂತ ಗೊತ್ತಿತ್ತು."

"ಗೊತ್ತಿದ್ದದ್ದಕ್ಕೇ ಅಲ್ವಾ ಅಲ್ಲಿ ಕೂರಿಸಿದ್ದು! ಅಮ್ಮನಿಗೆ ಗೊತ್ತುಂಟಾ ಇದು?"

"ಇಲ್ಲ. ಅಮ್ಮನಿಗೆ ಗೊತ್ತಿಲ್ಲ, ದೇವರಾಣೆ. ಇದು ನಾನೂ ಬಾವನೂ ಮಾಡಿದ್ದು."

ದೋಸೆ ತಿನ್ನದೆ ಎದ್ದೆ. ಹಸಿರು ಸೀರೆಯನ್ನು ಮಡಚಿ ಅವಳ ಮಂಚದ ಮೇಲಿಟ್ಟು, ಸಂಜೆಗೂ ಕಾಯದೆ ಮಧ್ಯಾಹ್ನದ ಬಸ್ಸಿಗೇ ಹೊರಟೆ. ಬೇರೆ ದಿನವಾಗಿದ್ದರೆ ಸುಳ್ಯ ಮುಟ್ಟುವುದರೊಳಗೆ ಬಸ್ಸಿನ ಹೆಂಗಸರಿಗೆಲ್ಲ ಕತೆ ಹೇಳಿ ಮುಗಿಸುತ್ತಿದ್ದೆ. ಅವತ್ತು ಒಬ್ಬಳು ತಾನಾಗಿಯೇ ಕೇಳಿದಾಗಲೂ ಕಿಟಕಿಯ ಕಡೆಗೆ ತಿರುಗಿದೆ. ಕಾವೇರಿಯನ್ನು ನೆನೆಸಿಕೊಳ್ಳಲು ನೋಡಿದರೆ ಬೆನ್ನ ಹಿಂದೆ ಯಾರೋ ಕುರ್ಚಿಯಲ್ಲಿ ಕೂತಂತೆ ಆಗುತ್ತಿತ್ತು. ದಾರಿಯುದ್ದಕ್ಕೂ ಒಂದೇ ಸಮಾಧಾನ, ಅಮ್ಮ ಇದ್ದಾಳೆ. ಅಮ್ಮನಿಗೆ ಹೇಳಿದರೆ ಅಕ್ಕನ ಗ್ರಹಚಾರ ಬಿಡಿಸುತ್ತಾಳೆ, ಕಡಬದವರಿಗೆ ಆಗುವುದಿಲ್ಲವೆಂದು ಹೇಳಿ ಕಳಿಸುತ್ತಾಳೆ. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದವಳಲ್ಲವೇ ಅವಳು? ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡೆ.

ಬಸ್ಸಿಳಿದು ಗುಡ್ಡೆ ಹತ್ತಿ ಬರುವಾಗ ಅಮ್ಮ ಮನೆಯ ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದಳು. ನಾನು ಸಂಜೆಯ ಬಸ್ಸಿಗೆ ಬರುವವಳೆಂದು ಗೊತ್ತಿದ್ದೂ ಆಗಲೇ ಬಂದು ನಿಂತಿದ್ದಳು. ನನ್ನ ಕೈಯ ಚೀಲ ತೆಗೆದುಕೊಂಡು, ಮುಖವನ್ನೇ ನೋಡುತ್ತ ಕೇಳಿದಳು, "ಬಂದೆಯಾ ಮಗಾ? ಸಿನೆಮಾ ಹೇಗಿತ್ತು?"

ಅಷ್ಟು ವರ್ಷ ನಾನು ಸಿನೆಮಾ ನೋಡಿ ಬಂದಿದ್ದೇನೆ, ಒಮ್ಮೆಯೂ ಅವಳು ಹೀಗೆ ಕೇಳಿದವಳಲ್ಲ. ಬಾಯಿ ತೆರೆದರೆ ಸಾಕು, "ಆ ಬೊಂಬೆಗಳ ವಿಷಯ ನನ್ನತ್ರ ಹೇಳ್ಬೇಡ, ಮೊದಲು ದನಕ್ಕೆ ಹುಲ್ಲು ಹಾಕು" ಎನ್ನುತ್ತಿದ್ದ ಅಮ್ಮ ಅವಳು. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟೆ.

"ನನಗೆ ಒಪ್ಪಿಗೆ ಇಲ್ಲ ಅಮ್ಮ" ಎಂದೆ.

ಯಾವುದಕ್ಕೆ ಎಂದು ಅವಳು ಕೇಳಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, "ಒಳ್ಳೆ ಜನ ಮಗಾ ಅವರು" ಎಂದಳು.