ಎರವಲು ಹಸು, ಪೂರ್ತಿ ಫ್ರೀಶಿಪ್

ಜವಾನನ ಪೇಟದ ಜರಿ ಅಂಚು ಬಿಚ್ಚಿಕೊಂಡು ಕಿವಿಯ ಹತ್ತಿರ ತೂಗಾಡುತ್ತಿದೆ, ಪಾಪ, ಮನೆಯಲ್ಲಿ ಹೇಳುವವರು ಯಾರೂ ಇಲ್ಲವೇನೋ, ನಾನೇ ಹೇಳೋಣವೆಂದರೆ ಇಷ್ಟು ದೊಡ್ಡ ಕಾಲೇಜಿನ ಜಗಲಿಯಲ್ಲಿ ಗಂಟಲೇ ಏಳುತ್ತಿಲ್ಲ, ಇಲವಾಲದಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವವಳು ನಾನು — ಬಾಗಿಲು ಮುಚ್ಚಿದೆ, ಒಳಗೆ ನನ್ನ ಚಾಮು, ಚಾಮುಂಡೇಶ್ವರಿ ಅಂತ ಜವಾನ ಕೂಗಿದಾಗ ನಾನು ಬೆಚ್ಚಿಬಿದ್ದೆ, ಮನೆಯಲ್ಲಿ ಮಗಳನ್ನು ಯಾರೂ ಅಷ್ಟುದ್ದ ಕರೆದಿಲ್ಲ, ನೀವಿಲ್ಲೇ ಕೂತ್ಕೊಳ್ಳಿ ಕಣಮ್ಮ, ಹುಡುಗಿ ಮಾತ್ರ ಬರಲಿ, ಕೂತಿದ್ದೇನೆ, ಕಲ್ಲು ತಣ್ಣಗಿದೆ, ಒಳಗಿನಿಂದ ಪೂರ್ತಿ ಅಂತ ಬಂದರೆ ಕಾಲೇಜು, ಅರ್ಧ ಅಂತ ಬಂದರೆ ಶ್ರಾವಣದಲ್ಲಿ ಹೂಟಗಳ್ಳಿಯ ಗಂಡು, ಅವಳಪ್ಪ ನಿನ್ನೆ ಹಗ್ಗ ಹೊಸೆಯುತ್ತಾ ಹೇಳಿದ್ದು ಇಷ್ಟೇ, ಅರ್ಧ ಫೀಸು ಕಟ್ಟೋ ಶಕ್ತೀನೂ ನಂಗಿಲ್ಲ ಅಂಬುಜಿ, ಆಮೇಲೆ ನನ್ನ ಬಯ್ಯಬ್ಯಾಡ — ಬಯ್ಯುವುದೇನು, ಆ ಮನುಷ್ಯನ ಕಣ್ಣು ಹಗ್ಗದ ಮೇಲೇ ಇತ್ತು, ನನ್ನ ಕಡೆ ಬರಲೇ ಇಲ್ಲ.

ಪೂರ್ತಿ, ಅರ್ಧ, ಈ ಮಾತುಗಳನ್ನೆಲ್ಲ ನಾನು ಒಲೆಯ ಮುಂದೆ ಕಲಿತೆ, ಹೊಸ ನಯಾಪೈಸೆಯ ಲೆಕ್ಕವೇ ಇನ್ನೂ ತಲೆಗೆ ಹತ್ತಿಲ್ಲ, ಆದರೆ ಇದು ಹತ್ತಿತು, ಚಾಮು ಮುದ್ದೆ ತಿರುವುತ್ತಾ ಹೇಳುವಳು, ಅವ್ವ, ಫ್ರೀಶಿಪ್ ಅಂದ್ರೆ ಫೀಸು ಮಾಫಿ, ಕೈಗೇನೂ ಬರಲ್ಲ, ಕೈಗೆ ಬರೋದು ಸ್ಕಾಲರ್‌ಶಿಪ್, ಅದು ಚೆನ್ನಾಗಿ ಓದಿ ತೋರಿಸಿದ ಮೇಲೆ, ಕಾಷನ್ ಮನಿ ಅಂತ ಒಂದಿದೆ — ಅದ್ಯಾವ ದೇವ್ರಿಗೆ ಮುಡಿಪು ಮಗ, ಮೂಲೆಯಿಂದ ನಮ್ಮತ್ತೆ ಬೋರಮ್ಮ, ಮುಡಿಪಲ್ಲ ಅಜ್ಜಿ, ಗಾಜುಗೀಜು ಒಡೆದ್ರೆ ಅಂತ ಇಟ್ಕೊಂಡಿರ್ತಾರೆ, ಓದು ಮುಗಿದ ಮೇಲೆ ವಾಪಸ್ ಕೊಡ್ತಾರೆ, ವಾಪಸ್ ಕೊಡೋ ದೇವ್ರನ್ನ ನಾನೊಂದೂ ಕಾಣೆ ಬುಡು, ನಕ್ಕೂ ನಕ್ಕೂ ಮುದ್ದೆ ಗಂಟಾಯಿತು ಅವತ್ತು, ಪ್ರಾವಿಷನಲ್ ಅಂದ್ರೆ ಕುಪ್ಪಸಕ್ಕೆ ಮೊದಲು ಹಾಕೋ ಕಚ್ಚಾ ಹೊಲಿಗೆ ಅವ್ವ, ವರಮಾನದ ಸರ್ಟಿಫಿಕೇಟ್ ಬಂದ್ರೆ ಪಕ್ಕಾ, ಬರಲಿಲ್ಲ ಅಂದ್ರೆ ಬಿಚ್ಚಿಹಾಕ್ತಾರೆ — ತಾಲ್ಲೂಕು ಕಚೇರಿಯ ಕಂದಾಯದ ಶೇಕದಾರರು ಮನೆಗೆ ಬಂದು ನೋಡಿ ಬರೆದರೇ ಆ ಸರ್ಟಿಫಿಕೇಟು, ಅವರು ಬಂದ ದಿನ ನಾವೆಲ್ಲ ಹೊಲಕ್ಕೆ ಗೊಬ್ಬರ ಹೊರುತ್ತಿದ್ದೆವು, ಮನೆಯಲ್ಲಿ ಅತ್ತೆ ಒಬ್ಬರೇ, ಶೇಕದಾರರು ಊರಿಗೆ ಹೊಸಬರು, ಕೋಟು, ಕರಿ ಟೋಪಿ, ಬೈಸಿಕಲ್ಲು, ಅರಳಿಕಟ್ಟೆಯಲ್ಲಿ ನಿಂತು ಚಾಮು ಅಪ್ಪನ ಹೆಸರು ಹಿಡಿದು ದೇವರಾಜುವಿನ ಮನೆ ಎಲ್ಲಿ ಅಂತ ಕೇಳಿದ್ದನ್ನು ಅತ್ತೆ ಕಂಡರು, ಹೂಟಗಳ್ಳಿಯವರು ಮನೆ ನೋಡಲು ಬರುವ ವಾರ ಅದು, ಇನ್ನೇನು, ಗಂಡಿನ ಕಡೆಯವರೇ, ಓಡಿದರು ಪಕ್ಕದ ಸಿದ್ದಮಲ್ಲಪ್ಪನವರ ಕೊಟ್ಟಿಗೆಗೆ, ಅವರ ಮೂರು ಹಸುವನ್ನೂ ತಂದು ನಮ್ಮ ಅಂಗಳದಲ್ಲಿ ಕಟ್ಟಿದರು, ನಮ್ಮ ಬೀದಿಯಲ್ಲಿ ಅದು ನಡೆದುಬಂದದ್ದೇ, ಹೆಣ್ಣಿರುವ ಮನೆಗೆ ಜನ ಬಂದರೆ ನೆರೆಯವರ ಹಸು ನಮ್ಮ ಗೂಟಕ್ಕೆ, ನಮ್ಮ ಹಿತ್ತಾಳೆ ಕೊಳಗ ಅವರ ಪಡಸಾಲೆಗೆ, ಸಿದ್ದಮಲ್ಲಪ್ಪನವರ ಮಗಳ ಲಗ್ನ ಕುದುರಿದ್ದೂ ನಮ್ಮ ಕೊಳಗದಿಂದಲೇ, ಅತ್ತೆ ಈಗಲೂ ಹೇಳುತ್ತಾರೆ — ಆ ಕೆಂದ ಹಸು, ಹಣೆಯಲ್ಲಿ ಬಿಳಿ ಬೊಟ್ಟು, ನಮ್ಮ ಅಂಗಳದಲ್ಲಿ ನಿಂತು ಶೇಕದಾರರನ್ನು ನೋಡಿತಂತೆ, ಅವರು ಕೇಳಿದ್ದೂ ಅದನ್ನೇ, ಹಸು ಎಷ್ಟು, ಹೊಲ ಎಷ್ಟು, ಗಂಡಿನ ಕಡೆಯವರು ಕೇಳುವುದೂ ಅದನ್ನೇ ಅಲ್ಲವೇ, ನಮಗೇನು ಕಮ್ಮಿ ಸ್ವಾಮಿ, ಮೂರು ಹಸ ಕಟ್ಟಿದೀವಿ, ಅಲ್ಲಿಂದ ಆ ಹುಣಸೆಮರದವರ್ಗೂ ನಮ್ದೇಯ, ಶೇಕದಾರರು ಮಜ್ಜಿಗೆ ಕುಡಿದು ಎಲ್ಲ ಬರೆದುಕೊಂಡು ಹೋದರು, ಸರ್ಟಿಫಿಕೇಟಿನಲ್ಲಿ ನಾವು ಸಾಹುಕಾರರು.

ಅತ್ತೆ ಎರಡು ಹೊತ್ತು ಉಣ್ಣಲಿಲ್ಲ, ನನ್ನ ಬಾಯಿಗೆ ಮಣ್ಣಾಕ ಅಂತ ಗೋಡೆ ಕಡೆ ತಿರುಗಿ ಮಲಗಿದರು, ನಾನು ತಾಲ್ಲೂಕು ಕಚೇರಿಗೆ ಹೋಗಿ ನಿಂತೆ, ಇನ್ನೊಂದು ಸಲ ಬನ್ನಿ ಸ್ವಾಮಿ ಅಂತ, ಬಂದರು, ಮುಖ ಗಂಟಿಕ್ಕಿಕೊಂಡು ಬಂದರು, ಅವತ್ತು ಇದ್ದ ಹಸು ಫ್ರೀಶಿಪ್ ಅಂದ ತಕ್ಷಣ ಇಲ್ಲ ಅಂತೀರೇನಮ್ಮ, ನಾನು ಬಾಯಿ ತೆಗೆಯುವ ಮುಂಚೆ ಅತ್ತೆ ಎದ್ದರು, ಜೀವಮಾನದಲ್ಲಿ ಯಾರ ಮುಂದೆಯೂ ಇಲ್ಲ ಎಂದವರಲ್ಲ, ಹಬ್ಬಕ್ಕೆ ಎಣ್ಣೆಯಿಲ್ಲದೆ ಬರೀ ಬಾಣಲೆ ಕಾಯಿಸಿ ಬೀದಿಗೆ ಹೊಗೆ ಕಾಣಿಸಿದವರು, ಬೀದಿಯೆಲ್ಲ ಕೇಳುವ ಹಾಗೆ, ಅವು ನಮ್ಮವಲ್ಲ ಕಣ್ ಸ್ವಾಮಿ, ನಮ್ಮನೇಲಿ ಏನೂ ಇಲ್ಲ, ಮೊಮ್ಮಗೀನ ಗಂಡಿನೋರು ಒಪ್ಲಿ ಅಂತ ಎರವಲು ತಂದು ಕಟ್ಟಿದ್ದೆ, ನನ್ ಮಾತು ನಂಬಬ್ಯಾಡಿ, ಅವುಕ್ಕೆ ಸುಳ್ಳಾಡಾಕೆ ಬರಾಕಿಲ್ಲ, ಅವುನ್ನೇ ಕೇಳಿ — ಸಿದ್ದಮಲ್ಲಪ್ಪನವರ ಮೂರು ಹಸುವನ್ನೂ ಮತ್ತೆ ತರಿಸಿ ಅದೇ ಗೂಟಕ್ಕೆ ಕಟ್ಟಿದರು, ಶೇಕದಾರರು ನೋಡುತ್ತಿರುವಾಗಲೇ ಕಣ್ಣಿ ಬಿಚ್ಚಿಬಿಟ್ಟರು, ಯಾರೂ ಹೊಡೆಯಲಿಲ್ಲ, ಹೊಯ್ ಅನ್ನಲಿಲ್ಲ, ನಾನು ಮುಂದಿಟ್ಟ ಹುಲ್ಲನ್ನೂ ಮೂಸದೆ ಕೆಂದ ಹಸು ತಿರುಗಿತು, ಹಗ್ಗ ಎಳೆದುಕೊಂಡು ಬೀದಿಗಿಳಿಯಿತು, ಹಿಂದೆ ಇನ್ನೆರಡು, ನೆಟ್ಟಗೆ ಸಿದ್ದಮಲ್ಲಪ್ಪನವರ ಬಾಗಿಲು, ತಲೆ ಬಗ್ಗಿಸಿ ಒಳಗೆ, ಶೇಕದಾರರು ಟೋಪಿ ತೆಗೆದು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಹಳೆಯದನ್ನು ಹೊಡೆದುಹಾಕಿ ಹೊಸ ಸರ್ಟಿಫಿಕೇಟು ಬರೆದರು, ಬೀದಿಯೆಲ್ಲ ನಕ್ಕಿತು, ಅತ್ತೆ ಮಾತ್ರ ನಗಲಿಲ್ಲ, ಸೆರಗು ಕೊಡವಿ ಗೌಡತಿಯ ಹಾಗೆ ನಿಂತಿದ್ದರು, ಇಲ್ಲ ಎಂದು ಹೇಳಿ ಅವರಷ್ಟು ದೊಡ್ಡವರಾಗಿ ಕಂಡವರನ್ನು ನಾನು ಕಾಣೆ — ಬಾಗಿಲು, ಬಾಗಿಲು ತೆಗೆಯಿತು, ಚಾಮು, ಮುಖ ನೋಡಿದರೆ ಏನೂ ತಿಳಿಯದು, ಅವರಜ್ಜಿಯದೇ ಮುಖ, ಪೂರ್ತಿ ಅವ್ವ, ಏನಂದೆ, ಪೂರ್ತಿ ಫ್ರೀಶಿಪ್ ಅವ್ವ, ಕಚ್ಚಾ ಹೊಲಿಗೆ ಅಲ್ಲ, ಪಕ್ಕಾ, ನನ್ನ ಗಂಟಲು ಎಲ್ಲಿತ್ತೋ ಬಂತು, ಬದುವಿನಿಂದ ಬದುವಿಗೆ ಕೇಳುವ ಹಾಗೆ, ಅಯ್ಯಾ ನಿಮ್ಮ ಪೇಟದ ಜರಿ ಬಿಚ್ಚೋಗದೆ ನೋಡ್ಕಳಿ, ಜವಾನ ಬೆಚ್ಚಿ ಕಿವಿ ಮುಟ್ಟಿಕೊಂಡ, ಚಾಮು ನಕ್ಕಳು, ಗಂಟೆ ಹೊಡೆಯಿತು, ಕ್ಲಾಸು ಇವತ್ತೇ ಅಂತೆ, ಹೋಗ್ಲಾ ಅವ್ವ, ಹೋಗು, ಹೊರಟಳು, ಉದ್ದದ ಮೊಗಸಾಲೆ, ಒಂದು ಸಲ ತಿರುಗುತ್ತಾಳೆ ಅಂತ ಕೈ ಎತ್ತಿಕೊಂಡೇ ನಿಂತಿದ್ದೇನೆ, ಜಡೆ ಆಡುತ್ತಿದೆ, ತಿರುಗಲಿಲ್ಲ, ಯಾರನ್ನೂ ಕೇಳಲಿಲ್ಲ, ಎಷ್ಟೊಂದು ಬಾಗಿಲು ಆ ಸಾಲಿನಲ್ಲಿ, ತಲೆ ಬಗ್ಗಿಸಿ ನೆಟ್ಟಗೆ ಒಂದರೊಳಕ್ಕೆ — ಕೆಂದ ಹಸು, ಬೀದಿಯ ಮಣ್ಣಿನಲ್ಲಿ ಎಳೆದುಕೊಂಡು ಹೋಗುವ ಹಗ್ಗ, ಕೆಂದ ಹಸು, ತಿರುಗಿ ನೋಡದೆ, ತನ್ನ ಬಾಗಿಲಿಗೆ