ಮೂರು ಕೈಗಳ ಮಾತ್ರೆ

ಕೊರೊನಾ ಬಂದು ಆಸ್ಪತ್ರೆ ಸೇರಿದ್ದ ಪಾಲಿಶ್ ಮೇಸ್ತ್ರಿ ಮನೆಗೆ ಬಂದದ್ದೇ ತಡ, ಮನೆಯವರೆಲ್ಲ ಅವನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳತೊಡಗಿದರು. ಮೇಜು ಕುರ್ಚಿಗೆ ಹೊಳಪು ಕೊಡುವ ಈ ಆಸಾಮಿಗೆ ಯಾರಿಗೂ ಬೇಡ ಅಂದು ಗೊತ್ತೇ ಇಲ್ಲ. ಮೈಕೈ ನೋವು ಅಂದರೆ ಹೆಂಡತಿ ಜ್ವರದ ಮಾತ್ರೆ ಕೊಟ್ಟಳು, ನುಂಗಿದ. ಅವಳು ಅಂಗಡಿಗೆ ಹೋದಾಗ ಅವನ ತಮ್ಮ ನೆಗಡಿ ಮಾತ್ರೆ ತಂದ, ಅದನ್ನೂ ನುಂಗಿದ. ಅಮ್ಮನದು ಲಿವರ್ ತೊಳೆಯುವ ಪುಡಿ, ಬಿಸಿನೀರಲ್ಲಿ ಕದಡಿ ಕುಡಿಸುತ್ತಿದ್ದಳು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹೇಳಿದರೆ ಯಾರಿಗಾದರೂ ಬೇಜಾರಾದೀತು ಅಂತ ಈ ಪುಣ್ಯಾತ್ಮನೂ ಬಾಯಿ ಬಿಡಲಿಲ್ಲ.

ಬರಬರುತ್ತಾ ಊಟ ಸೇರದಾಯಿತು. ಪಾಲಿಶ್ ಡಬ್ಬಿ ಕಂಡರೂ ಹೊಟ್ಟೆ ತೊಳಸುತ್ತಿತ್ತು. ಮನೆಗೆ ಕಳಿಸುವಾಗ ಡಾಕ್ಟರು, ಲಿವರ್ ಪರೀಕ್ಷೆಯಲ್ಲಿ ಸ್ವಲ್ಪ ಏರುಪೇರಿದೆ, ಮತ್ತೆ ಬಂದು ರಕ್ತ ಕೊಟ್ಟುಹೋಗಿ ಅಂದಿದ್ದರು. ಅದನ್ನು ಇವನು ಕಿವಿಗೇ ಹಾಕಿಕೊಂಡಿರಲಿಲ್ಲ. ಮತ್ತೆ ಆಸ್ಪತ್ರೆ ಮಂಚ ಹತ್ತಬೇಕಾಗುತ್ತದೇನೋ ಎಂಬ ಭಯ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಪಕ್ಕದ ಮನೆಯ ನರ್ಸಕ್ಕ ವಿಚಾರಿಸಿಕೊಂಡು ಹೋಗಲು ಬಂದಳು. ಆಸ್ಪತ್ರೆ ಚೀಟಿ ನೋಡಿ ಅವಳೂ ರಕ್ತಪರೀಕ್ಷೆಯ ಮಾತೆತ್ತಿದಾಗ ಮೇಸ್ತ್ರಿ ಮುಖ ಸಣ್ಣಗೆ ಮಾಡಿದ.

"ಅಲ್ಲಕ್ಕಾ, ಕಾಯಿಲೆ ಬಂದಿದ್ದು ಎದೆಗೆ. ಲಿವರ್ ಯಾಕೆ ನೋಡ್ಬೇಕು?"

"ಕೊರೊನಾ ಜೋರಾದ್ರೆ ಪೆಟ್ಟು ಶ್ವಾಸಕೋಶಕ್ಕೊಂದೇ ಬೀಳಲ್ಲಪ್ಪ. ಆಸ್ಪತ್ರೆ ಸೇರಿದ ಎಷ್ಟೋ ಜನಕ್ಕೆ ಲಿವರಿಗೂ ತಾಗಿರುತ್ತೆ. ಹೆಚ್ಚಿನವರಿಗೆ ನಿಧಾನವಾಗಿ ಸರಿಹೋಗುತ್ತೆ. ಆದ್ರೆ ನುಂಗಿದ ಮಾತ್ರೆನೆಲ್ಲ ಸಂಭಾಳಿಸೋದೂ ಅದೇ ತಾನೆ? ನೀನೀಗ ಏನೇನು ತಗೋತಿದ್ದೀಯ?"

ಅವನು ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. ನರ್ಸಕ್ಕ ಬಿಡುವವಳೇ? ಎಲ್ಲರೂ ತಂತಮ್ಮದನ್ನು ಮೇಜಿನ ಮೇಲೆ ತಂದಿಡಿ ಎಂದಳು. ಅವನೇ ಹೊಳಪು ಕೊಟ್ಟ ಮೇಜಿನ ಮೇಲೆ ಔಷಧಿ ಅಂಗಡಿಯೇ ಬಂದು ಕೂತಿತು. ಜ್ವರದ ಮಾತ್ರೆ, ನೆಗಡಿ ಮಾತ್ರೆ, ಹೆಸರು ಬೇರೆ ಬೇರೆ. ಎರಡರಲ್ಲೂ ಇದ್ದದ್ದು ಪ್ಯಾರಾಸಿಟಮಾಲ್. ಹೇಳಿದಷ್ಟೇ ತಗೊಂಡರೆ ಒಳ್ಳೆಯ ಔಷಧಿ, ಅಳತೆ ಮೀರಿದರೆ ಲಿವರನ್ನೇ ಕೆಡಿಸುತ್ತದೆ ಎಂದು ವಿವರಿಸಿದಳು.

"ನಂದು ಬರೀ ಬೇರಿನ ಪುಡಿ ಕಣಮ್ಮ," ಎಂದು ಅಮ್ಮ ಪೊಟ್ಟಣವನ್ನು ತನ್ನತ್ತ ಎಳೆದುಕೊಂಡಳು.

"ಯಾವ ಬೇರು ಅಂತ ಇದರ ಮೇಲೆ ಬರೆದೇ ಇಲ್ವಲ್ಲಮ್ಮ. ಕೆಲವು ಬೇರು ಲಿವರಿಗೇ ಕಂಟಕ. ಮಗ ಸುಸ್ತಾಗಿದ್ದಾನೆ ಅಂತ ಅವನಿಗೆ ರಜೆ ಕೊಟ್ರಿ. ಅವನ ಲಿವರಿಗೆ ಮಾತ್ರ ದುಪ್ಪಟ್ಟು ಕೆಲಸ ಹೊರಿಸಿದ್ರಿ."

ಅಮ್ಮ ಪೊಟ್ಟಣವನ್ನು ಮುಂದಕ್ಕೆ ತಳ್ಳಿದಳು. ಅವತ್ತೇ ಅಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಬಳಿ ಹೋದರು. ರಕ್ತಪರೀಕ್ಷೆಯಲ್ಲಿ ಲಿವರಿನ ಏರುಪೇರು ಇನ್ನೂ ಇತ್ತು. ಡಾಕ್ಟರು ಬೇಡದ್ದನ್ನೆಲ್ಲ ನಿಲ್ಲಿಸಿದರು, ಹೆಂಡದ ಹನಿಯೂ ಕೂಡದು ಎಂದರು.

ಕೆಲವು ವಾರಗಳಾದ ಮೇಲಿನ ಪರೀಕ್ಷೆಯಲ್ಲಿ ಲಿವರ್ ಸರಿಯಾಗಿತ್ತು. ಮೇಸ್ತ್ರಿ ಪಾಲಿಶ್ ವಾಸನೆ ಹೊರಹೋಗಲೆಂದು ಕಿಟಕಿ ಬಾಗಿಲು ತೆರೆದಿಟ್ಟುಕೊಂಡು ನೆಮ್ಮದಿಯಿಂದ ಕುರ್ಚಿ ಉಜ್ಜುತ್ತಿದ್ದ. ತಮ್ಮ ಇಣುಕಿ, ತಲೆನೋವಾ ಅಣ್ಣ, ಮಾತ್ರೆ ತರಲಾ ಎಂದು ಕೇಳಿದ.

"ಬೇಡ," ಅಂದ ಮೇಸ್ತ್ರಿ. ಅವನ ಬಾಯಲ್ಲಿ ಆ ಮಾತು ಬಂದದ್ದು ಕೇಳಿ ಮನೆಯೆಲ್ಲ ನಕ್ಕಿತು.

ನಿಮ್ಮ ಮನೆಯಲ್ಲೂ ಕೊರೊನಾಕ್ಕೆ ಆಸ್ಪತ್ರೆ ಸೇರಿ ಬಂದವರಿದ್ದಾರೆಯೇ? ಡಾಕ್ಟರು ಹೇಳಿದ ರಕ್ತಪರೀಕ್ಷೆ ತಪ್ಪಿಸಬೇಡಿ. ಬರೆದುಕೊಟ್ಟ ಔಷಧಿ ನಿಲ್ಲಿಸಬೇಡಿ, ಬರೆಯದ್ದನ್ನು ಕೇಳದೆ ಕೊಡಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಪ್ರೀತಿ ಎಷ್ಟು ಕೈಗಳಿಂದ ಬಂದರೂ ಬರಲಿ, ಮಾತ್ರೆ ಮಾತ್ರ ಒಂದೇ ಕೈಯಿಂದ ಬರಲಿ.